ನೀರಿಟ್ಟಲ್ಲಿಗೆ ಸಿಂಹ ಬಂತು: ದಕ್ಷಿಣ ಆಫ್ರಿಕದ ಮೀಸಲು ಕಾಡಿನ ಬದುಕು

(ಮೈಸೂರಿನಲ್ಲಿ ವನ್ಯಜೀವಿ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಆಫ್ರಿಕದ ಕಾಡು ಅಂದರೆ ಮನುಷ್ಯರ ಕೈ ಸೋಕದ ಬಯಲು, ನಡುವೆ ಒಂದು ಜಾಲಿ ಮರ, ಅದರ ನೆರಳಲ್ಲಿ ಸಿಂಹ. ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಚಿತ್ರ ಇದು. ನಾನು ಕೆಲಸ ಮಾಡಿದ ಕಡೆ ಸಿಂಹ ಇತ್ತು, ಜಾಲಿಯೂ ಇತ್ತು. ಕೈ ಸೋಕದ ನೆಲ ಮಾತ್ರ ಇರಲಿಲ್ಲ. ಒಂದು ಪ್ರಾಣಿ ಎದುರಾದಾಗ ಇದು ಇಲ್ಲೇ ಯಾಕಿದೆ, ಹೀಗೇ ಯಾಕೆ ನಡೆದುಕೊಳ್ಳುತ್ತಿದೆ ಎಂದು ಕೇಳುತ್ತಾ ಹೋದರೆ, ಎಷ್ಟೋ ವರ್ಷಗಳ ಹಿಂದೆ ಯಾರೋ ಕಚೇರಿಯಲ್ಲಿ ಕೂತು ಮಾಡಿದ ತೀರ್ಮಾನವೊಂದು ಸಿಗುತ್ತದೆ. ಆ ತೀರ್ಮಾನಗಳ ಫಲವನ್ನು ದಿನವೂ ಹೊರುವವರು ಕಾಡಿನ ಕೆಲಸಗಾರರು, ಬೇಲಿಯ ಪಕ್ಕದ ಊರಿನವರು, ಮತ್ತು ಪ್ರಾಣಿಗಳು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಜಾಗ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕದ ಈಶಾನ್ಯ ಮೂಲೆ. ಪಶ್ಚಿಮಕ್ಕೆ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲು, ಪೂರ್ವಕ್ಕೆ ಮೊಜಾಂಬಿಕ್ ಗಡಿ, ಎರಡರ ನಡುವೆ ಲೋವೆಲ್ಡ್ ಎಂಬ ಬಿಸಿ ತಗ್ಗು ಪ್ರದೇಶ. 1898ರಲ್ಲಿ ಇಲ್ಲಿ ಸಾಬಿ ಗೇಮ್ ರಿಸರ್ವ್ ಘೋಷಣೆಯಾಯಿತು. 1926ರಲ್ಲಿ ಅದು ಬೆಳೆದು ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. ಈಗ ಸುಮಾರು 20,000 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡುಗಳನ್ನು ಅದರೊಳಗೆ ಇಡಬಹುದು. ಅದರ ಪಶ್ಚಿಮ ಅಂಚಿಗೆ ಸಾಬಿ ಸ್ಯಾಂಡ್, ಟಿಂಬವಾಟಿ, ಕ್ಲಾಸೆರಿ, ಬಲೂಲೆ ಮುಂತಾದ ಖಾಸಗಿ ಮೀಸಲು ಕಾಡುಗಳಿವೆ. ಹಿಂದೆ ದನ ಸಾಕುವ, ಬೇಟೆಯಾಡುವ ಜಮೀನುಗಳಾಗಿದ್ದವು ಒಂದಕ್ಕೊಂದು ಸೇರಿ ಆದಂಥವು. 1993ರಿಂದ ಶುರುಮಾಡಿ ಕ್ರೂಗರ್‌ಗೂ ಇವಕ್ಕೂ ನಡುವಿನ ಬೇಲಿಗಳನ್ನು ಕಿತ್ತರು. ಅಲ್ಲಿಂದಾಚೆ ಆನೆ, ಸಿಂಹಗಳಿಗೆ ಇದೆಲ್ಲ ಒಂದೇ ಕಾಡು. ಇಂಥ ಒಂದು ಖಾಸಗಿ ಕಾಡಿನಲ್ಲಿ ನೀರು, ಹುಲ್ಲು, ಪ್ರಾಣಿಗಳ ಲೆಕ್ಕ ಇಡುವ ತಂಡದಲ್ಲಿ ನಾನಿದ್ದೆ.

ದಿನದ ಕೆಲಸ ಹೇಗಿರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಸಿಂಹ ನೋಡುವುದು ಅದರಲ್ಲಿ ತೀರಾ ಸಣ್ಣ ಪಾಲು. ದೊಡ್ಡ ಪಾಲು ಪೈಪು, ತಂತಿ, ಪಂಪು ಮತ್ತು ರಸ್ತೆ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಮಧ್ಯಾಹ್ನದ ಬಿಸಿ 40 ಡಿಗ್ರಿ ದಾಟುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಹೊರಟು ಹತ್ತು ಗಂಟೆಯೊಳಗೆ ಮೈಬಗ್ಗಿಸುವ ಕೆಲಸ ಮುಗಿಸಬೇಕು. ಜೂನ್, ಜುಲೈ ಚಳಿ ಬೇರೆ ಥರ. ತೆರೆದ ಜೀಪಿನಲ್ಲಿ ಕೂತವರು ಕಂಬಳಿ ಹೊದ್ದು, ಬಿಸಿನೀರಿನ ಚೀಲ ಮಡಿಲಲ್ಲಿಟ್ಟುಕೊಂಡು ಹೋಗುತ್ತಾರೆ. ಚಳಿಗಾಲದಲ್ಲಿ ಮಳೆಯಿಲ್ಲ. ಎಲೆ ಉದುರಿ, ಹುಲ್ಲು ಒಣಗಿ, ಕಣ್ಣು ದೂರ ಓಡುತ್ತದೆ. ಪ್ರಾಣಿ ಎಣಿಸುವುದಕ್ಕೂ ಉರುಳು ಹುಡುಕುವುದಕ್ಕೂ ಅದೇ ಕಾಲ.

ಒಣ ತಿಂಗಳುಗಳಲ್ಲಿ ನಮ್ಮ ಮುಖ್ಯ ಎದುರಾಳಿ ಆನೆ. ನೆಲದಲ್ಲಿ ಹೂತ ಪೈಪಿನೊಳಗೆ ನೀರು ಹರಿಯುವ ಜಾಗ ಅದಕ್ಕೆ ಗೊತ್ತಾಗುತ್ತದೆ. ದಂತದಿಂದ ಅಗೆದು, ಕಾಲಿನಿಂದ ಮಣ್ಣು ಸರಿಸಿ, ಪೈಪನ್ನು ಎಳೆದು ಮುರಿದು, ಚಿಮ್ಮುವ ಶುದ್ಧ ನೀರು ಕುಡಿದು ಹೋಗುತ್ತದೆ. ಪಕ್ಕದಲ್ಲೇ ಕೆರೆ ಇದ್ದರೂ ಕೆಸರು ನೀರು ಅದಕ್ಕೆ ಬೇಡ. ಟ್ಯಾಂಕಿನ ಸುತ್ತ ಚೂಪು ಕಲ್ಲುಗಳನ್ನು ಅಗಲವಾಗಿ ಹರಡುತ್ತೇವೆ. ಆನೆಯ ಅಂಗಾಲು ಮೃದು, ಅಂಥ ಕಲ್ಲಿನ ಮೇಲೆ ಕಾಲಿಡಲು ಅದು ಇಷ್ಟಪಡುವುದಿಲ್ಲ. ದೊಡ್ಡ ಮರೂಲಾ ಮರಗಳ ಬುಡಕ್ಕೆ ತಂತಿ ಬಲೆ ಸುತ್ತುತ್ತೇವೆ, ಇಲ್ಲವಾದರೆ ತೊಗಟೆ ಸುಲಿದು ಮರ ಸಾಯುತ್ತದೆ. ಮರೂಲಾ ನಮ್ಮ ಮಾವು, ಗೇರಿನ ಕುಟುಂಬದ್ದೇ ಮರ. ಹೂಡ್‌ಸ್ಪ್ರೂಟ್ ಪಟ್ಟಣದ ಬಳಿ ಮರೂಲಾ ಕೊಂಬೆಗಳಿಗೆ ಜೇನುಪೆಟ್ಟಿಗೆ ತೂಗುಹಾಕಿ ನೋಡಿದ್ದಾರೆ. ಜೇನುನೊಣಕ್ಕೆ ಆನೆ ಹೆದರುತ್ತದೆ. ಪೆಟ್ಟಿಗೆ ತೂಗಿದ ಮರಗಳು ಚೆನ್ನಾಗಿ ಉಳಿದವು.

ನಮ್ಮ ಕೋಣೆಗಳಿಗೆ ಬೇಲಿ ಇರಲಿಲ್ಲ. ರಾತ್ರಿ ಕೋಣೆಯಿಂದ ಅಡುಗೆಮನೆಗೆ ಹೋಗಬೇಕಾದರೂ ಟಾರ್ಚ್ ಬೇಕು. ನಾಲ್ಕೂ ದಿಕ್ಕಿಗೆ ಬೆಳಕು ಬಿಟ್ಟು, ಕಣ್ಣು ಹೊಳೆಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೆಜ್ಜೆ. ಕತ್ತೆಕಿರುಬ ಕಸದ ತೊಟ್ಟಿಗೆ ಬರುತ್ತಿತ್ತು. ತರಕರಡಿ ಜಾತಿಯ ಹನಿ ಬ್ಯಾಜರ್ ಮಾತ್ರ ಎಂಥ ಚಿಲಕವನ್ನೂ ಬಿಚ್ಚುತ್ತದೆ. ಹಗಲಲ್ಲಿ ವರ್ವೆಟ್ ಮಂಗಗಳ ಕಾಟ. ಕಿಟಕಿ ತೆರೆದಿಟ್ಟರೆ ಬಾಳೆಹಣ್ಣು, ಬ್ರೆಡ್ಡು, ಮೊಟ್ಟೆ ಏನೂ ಉಳಿಯದು. ಶೂ ಹಾಕುವ ಮುನ್ನ ಕೊಡವಬೇಕು, ಚೇಳು ಇರಬಹುದು. ಹುಲ್ಲಿನಲ್ಲಿ ನಡೆದು ಬಂದವರು ಸ್ನಾನದ ಹೊತ್ತಿನಲ್ಲಿ ಮೈಯೆಲ್ಲ ತಡಕಿ ಉಣ್ಣೆ ಕಿತ್ತು ಹಾಕಬೇಕು. ಅದು ಕಚ್ಚಿ ಬರುವ ಜ್ವರ ಅಲ್ಲಿ ಎಲ್ಲರಿಗೂ ಪರಿಚಿತ. ಊಟಕ್ಕೆ ಬಿಳಿ ಮೆಕ್ಕೆಜೋಳದ ಹಿಟ್ಟು ಬೇಯಿಸಿ ಗಟ್ಟಿ ಮಾಡಿದ ಪಾಪ್, ಜೊತೆಗೆ ಮೊರೊಗೊ ಎಂಬ ಕಾಡುಸೊಪ್ಪಿನ ಪಲ್ಯ. ಮುದ್ದೆ, ಬಸ್ಸಾರಿನಲ್ಲಿ ಬೆಳೆದ ನನ್ನ ಬಾಯಿಗೆ ಅದು ಮೊದಲ ದಿನವೇ ಹೊಂದಿಕೊಂಡಿತು. ಕೈಯಲ್ಲಿ ಮುರಿದು, ಸೊಪ್ಪಿಗೆ ಅದ್ದಿ ತಿನ್ನುವುದು ಕಂಡು ಅಡುಗೆಮನೆಯ ಅಮ್ಮಂದಿರು ಕೂಡಲೇ ನನ್ನನ್ನು ತಮ್ಮ ಪಂಕ್ತಿಗೆ ಸೇರಿಸಿಕೊಂಡರು.

ನಡೆದುಕೊಂಡು ಹೋಗುವಾಗಿನ ಕಾಡು ಬೇರೆಯೇ. ನಮ್ಮ ತಂಡದ ಹಿರಿಯ ಟ್ರ್ಯಾಕರ್, ಅಂದರೆ ಹೆಜ್ಜೆ ಗುರುತು ಹಿಡಿದು ಪ್ರಾಣಿ ಹುಡುಕುವವರು, ತ್ಸೊಂಗಾ ಜನಾಂಗದವರು, ಇದೇ ಸೀಮೆಯಲ್ಲಿ ದನ ಕಾಯುತ್ತಾ ಬೆಳೆದವರು. ಅವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಿದ್ದರು. ಕೆಂಪು ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಗಳು ಪೊದೆಯೊಳಗಿಂದ ಚಿರ್ರೆಂದು ಎದ್ದವೆಂದರೆ ಅಲ್ಲಿ ಕಾಡೆಮ್ಮೆಯೋ ಖಡ್ಗಮೃಗವೋ ಇದೆ. ಅದರ ಬೆನ್ನಿನ ಮೇಲಿಂದಲೇ ಅವು ಎದ್ದಿರುವುದು. ಇಂಪಾಲ ಜಿಂಕೆಗಳು ಮೂಗಿನಿಂದ ಬುಸುಗುಟ್ಟಿ ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತರೆ, ಆ ಕಡೆ ಚಿರತೆ ಇರುವ ಸಂಭವ ಹೆಚ್ಚು. ನಾಗರಹೊಳೆಯಲ್ಲಿ ಮುಸುವದ ಕೂಗು ಕೇಳಿ ಹುಲಿ ಹುಡುಕಿದವರಿಗೆ ಇದೆಲ್ಲ ಬೇಗ ಅರ್ಥವಾಗುತ್ತದೆ. ಒಂದು ಸಣ್ಣ ಬಟ್ಟೆ ಚೀಲದಲ್ಲಿ ಬೂದಿ ಇಟ್ಟುಕೊಂಡು ಆಗಾಗ ಕೊಡವಿ ಗಾಳಿ ಎತ್ತ ಬೀಸುತ್ತಿದೆ ಎಂದು ಅವರು ನೋಡುತ್ತಿದ್ದರು. ಸಾಲಾಗಿ ನಡೆಯಬೇಕು, ಮಾತಾಡಬಾರದು, ಏನೇ ಆದರೂ ಓಡಬಾರದು.

ಆ ಕೊನೆಯ ಮಾತು ಎಷ್ಟು ಕಷ್ಟದ್ದೆಂದು ಒಂದು ದಿನ ಗೊತ್ತಾಯಿತು. ಕೆಟ್ಟುಹೋದ ಪಂಪು ನೋಡಲು ಹಳ್ಳದ ದಂಡೆಯಲ್ಲಿ ಹೋಗುತ್ತಿದ್ದೆವು. ಟ್ರ್ಯಾಕರ್ ನಿಂತು ಅಂಗೈ ಹಿಂದಕ್ಕೆ ತೋರಿದರು. ಹುಲ್ಲಿನೊಳಗಿಂದ ಎದೆಗೆ ತಟ್ಟುವ ಗುರುಗುಟ್ಟುವಿಕೆ. ಹೆಣ್ಣು ಸಿಂಹವೊಂದು ಎದ್ದು, ಬಾಲವನ್ನು ಕೋಲಿನಂತೆ ಮೇಲೆ ಕೆಳಗೆ ಬಡಿಯುತ್ತಾ, ನೇರ ನಮ್ಮ ಕಡೆ ನುಗ್ಗಿ, ಎರಡು ಜೀಪುಗಳ ಉದ್ದದಷ್ಟು ದೂರದಲ್ಲಿ ಧೂಳೆಬ್ಬಿಸಿ ನಿಂತಿತು. ಅವರು ಮುಖ ತಿರುಗಿಸಲಿಲ್ಲ. ಗಟ್ಟಿಯಾಗಿ, ಸಿಟ್ಟಿನಿಂದ ಅದಕ್ಕೆ ಬೈದರು. ಅದು ನಿಂತಷ್ಟು ಹೊತ್ತು ನಾವೂ ನಿಂತೆವು. ಅದರ ಬಾಲ ಇಳಿದ ಮೇಲೆ ಒಂದು ಹೆಜ್ಜೆ ಹಿಂದಿಟ್ಟೆವು, ಮತ್ತೆ ನಿಂತೆವು, ಮತ್ತೆ ಒಂದು ಹೆಜ್ಜೆ. ಹುಲ್ಲಿನಲ್ಲಿ ಮರಿಗಳಿದ್ದವು. ಅಲ್ಲಿ ನಮ್ಮದೇನೂ ಕೆಲಸವಿರಲಿಲ್ಲ ಎಂದು ಅದು ಹೇಳಿತು, ಅಷ್ಟೇ.

ಅದೇ ಸಿಂಹ ಸಂಜೆ ಪ್ರವಾಸಿಗರ ಜೀಪಿನ ಪಕ್ಕದಲ್ಲಿ, ಚಕ್ರದ ನೆರಳಿನಲ್ಲಿ ಮಲಗುತ್ತದೆ. ಇದು ಸ್ವಭಾವದಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಸಾಬಿ ಸ್ಯಾಂಡ್‌ನಲ್ಲಿ ಜಗತ್ತಿನ ಬೇರೆಲ್ಲೂ ಕಾಣದಷ್ಟು ಸಲೀಸಾಗಿ ಚಿರತೆಗಳು ಕಾಣಸಿಗುತ್ತವೆ. ಅಲ್ಲಿನವರು ಮೀಸೆ ಸಾಲಿನ ಮೇಲಿನ ಚುಕ್ಕಿ ಎಣಿಸಿ ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ಅಲ್ಲಿ ಬೇಟೆ ನಿಂತ ಮೇಲೆ, 1970ರ ದಶಕದ ಕೊನೆಯಿಂದ ಕೆಲವು ಟ್ರ್ಯಾಕರ್‌ಗಳು ಜೀಪನ್ನು ದೂರದಲ್ಲಿ ನಿಲ್ಲಿಸಿ, ಬೆನ್ನಟ್ಟದೆ, ತಿಂಗಳುಗಟ್ಟಲೆ ಕಾದು ಚಿರತೆಗಳ ಭಯ ಬಿಡಿಸಿದರು. ಆ ಹೆಣ್ಣು ಚಿರತೆಗಳ ಮರಿಗಳು ಜೀಪನ್ನು ನೋಡುತ್ತಲೇ ಬೆಳೆದವು. ಇವತ್ತಿನ ಪ್ರವಾಸಿಗರ ಫೋಟೋದ ಹಿಂದೆ ಆ ತಾಳ್ಮೆ ಇದೆ.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ನೀರು.

1960ರ ಆಸುಪಾಸಿನಲ್ಲಿ ಕ್ರೂಗರ್‌ನ ಪಶ್ಚಿಮ ಗಡಿಗೆ ಬೇಲಿ ಬಂತು. ಕಾಲುಬಾಯಿ ಜ್ವರದ ವೈರಾಣು ಕಾಡೆಮ್ಮೆಗಳಲ್ಲಿ ಸದ್ದಿಲ್ಲದೆ ಇರುತ್ತದೆ. ಅದು ದನಗಳಿಗೆ ಹಬ್ಬಬಾರದು ಎಂಬುದು ಮುಖ್ಯ ಕಾರಣ. ಕಾರಣ ಸುಳ್ಳಲ್ಲ. ಆದರೆ ಒಣ ತಿಂಗಳುಗಳಲ್ಲಿ ಪಶ್ಚಿಮಕ್ಕೆ ನೀರು ಹುಡುಕಿ ಹೋಗುತ್ತಿದ್ದ ವಿಲ್ಡೆಬೀಸ್ಟ್ ಎಂಬ ದನದಂಥ ಜಿಂಕೆಗಳ ಮತ್ತು ಜೀಬ್ರಾಗಳ ದಾರಿ ಅಲ್ಲಿಗೆ ಕಡಿಯಿತು. ದಾರಿ ಮುಚ್ಚಿದ ಮೇಲೆ ಒಳಗೇ ನೀರು ಕೊಡಬೇಡವೇ? 1930ರ ದಶಕದಲ್ಲೇ ಶುರುವಾಗಿದ್ದ ಕೊಳವೆಬಾವಿ ಕೊರೆಯುವ ಕೆಲಸಕ್ಕೆ ಈಗ ಜೋರು ಬಂತು. ಗಾಳಿಯಂತ್ರಗಳು, ಸಿಮೆಂಟು ತೊಟ್ಟಿಗಳು, ಒಡ್ಡುಗಳು. ಕೊಳವೆಬಾವಿಗಳ ಸಂಖ್ಯೆಯೇ 300 ದಾಟಿತು. ಜನರೂ ಚಂದಾ ಕೊಟ್ಟರು. ಬಾಯಾರಿದ ಪ್ರಾಣಿಗೆ ನೀರಿಡುವುದಕ್ಕಿಂತ ಪುಣ್ಯದ ಕೆಲಸ ಉಂಟೇ ಎಂದು ನಮಗೂ ಅನ್ನಿಸುತ್ತದೆ.

ಕ್ರೂಗರ್‌ನ ಉತ್ತರ ಭಾಗ ಒಣ ಸೀಮೆ. ಅಲ್ಲಿನ ಕಪ್ಪು ಮಣ್ಣಿನ ಬಯಲಿನಲ್ಲಿ ಉದ್ದ ಹುಲ್ಲು ಬೆಳೆಯುತ್ತದೆ, ಆ ಹುಲ್ಲನ್ನು ನಂಬಿ ರೋನ್ ಎಂಬ ದೊಡ್ಡ ಜಿಂಕೆ ಬದುಕುತ್ತದೆ. ಕುದುರೆಯಷ್ಟು ಎತ್ತರ, ಮುಖದ ಮೇಲೆ ಕಪ್ಪು ಬಿಳುಪು ಪಟ್ಟೆ. ತಾಯಿ ತನ್ನ ಕರುವನ್ನು ಉದ್ದ ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ನೀರು ಕಡಿಮೆ ಇದ್ದುದರಿಂದಲೇ ಆ ಬಯಲಿನಲ್ಲಿ ಜೀಬ್ರಾ ವಿರಳವಾಗಿತ್ತು, ಜೀಬ್ರಾ ವಿರಳವಾದ್ದರಿಂದ ಸಿಂಹವೂ ವಿರಳ. ಆ ಬಾಯಾರಿಕೆಯೇ ರೋನ್‌ಗೆ ಕಾವಲಾಗಿತ್ತು. ತೊಟ್ಟಿಗಳು ಬಂದವು. ಬರ ಬಿದ್ದಾಗ ಜೀಬ್ರಾಗಳ ಹಿಂಡು ತೊಟ್ಟಿಗಳ ಸುತ್ತ ನೆಲೆಯೂರಿ ಹುಲ್ಲನ್ನು ನೆಲಮಟ್ಟಕ್ಕೆ ಮೇಯ್ದವು. ಹಿಂದೆಯೇ ಸಿಂಹಗಳು ಬಂದವು. ಅಡಗಲು ಹುಲ್ಲಿಲ್ಲದ ಕರುಗಳೂ, ದೊಡ್ಡವೂ ಸಿಂಹದ ಬಾಯಿಗೆ ಹೋದವು. 1986ರಲ್ಲಿ ಸುಮಾರು 450 ಇದ್ದ ರೋನ್ ಜಿಂಕೆಗಳು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿದವು. ಮರುವರ್ಷ ಉತ್ತರದ ಹಲವು ತೊಟ್ಟಿಗಳನ್ನು ಮುಚ್ಚಿದರು. ಜೀಬ್ರಾ ಕಡಿಮೆಯಾದವು. ರೋನ್ ಹಳೆಯ ಸಂಖ್ಯೆಗೆ ಮರಳಲೇ ಇಲ್ಲ.

ಕ್ರೂಗರ್ ಪಾಠ ಕಲಿತಿದೆ, ಅರ್ಧಕ್ಕಿಂತ ಹೆಚ್ಚು ಕೊಳವೆಬಾವಿಗಳನ್ನು ನಿಲ್ಲಿಸಿದೆ. ಖಾಸಗಿ ಕಾಡುಗಳಲ್ಲಿ ಈ ಮಾತು ಇನ್ನೂ ಕಷ್ಟ. ಹಣ ಕೊಟ್ಟು ಬಂದವರು ವಸತಿಯ ಜಗಲಿಯಲ್ಲಿ ಕೂತೇ ಆನೆ ನೋಡಬೇಕೆನ್ನುತ್ತಾರೆ, ಹಾಗಾಗಿ ಜಗಲಿಯ ಮುಂದೆ ನೀರಿನ ಹೊಂಡ ಇರಲೇಬೇಕು. ಹೊಂಡದ ಸುತ್ತ ಒಂದು ಕಿಲೋಮೀಟರು ನೆಲ ತುಳಿತಕ್ಕೆ ಬೋಳಾಗಿ, ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುವುದನ್ನು ನಾವು ನೋಡುತ್ತಿದ್ದೆವು. ಸಿಕಲ್ ಬುಷ್ ಎಂಬ ಮುಳ್ಳುಪೊದೆ ಕಡಿದು ಆ ಬೋಳು ನೆಲದ ಮೇಲೆ ಹೊದಿಸುವುದು ನಮ್ಮ ವಾರದ ಕೆಲಸಗಳಲ್ಲೊಂದು. ಮುಳ್ಳಿನಡಿ ಮೇಯುವ ಬಾಯಿ ಹೋಗದು, ಬೀಜ ನಿಲ್ಲುತ್ತದೆ, ಎರಡನೇ ಮಳೆಗಾಲಕ್ಕೆ ಹುಲ್ಲು ಕಾಣುತ್ತದೆ. ಹೊಂಡಗಳಲ್ಲಿ ಅರ್ಧದಷ್ಟನ್ನಾದರೂ ಮುಚ್ಚಬೇಕೆಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ನಮ್ಮ ಕಾಡುಗಳಲ್ಲಿ ಬೇಸಿಗೆ ಬಂದ ಕೂಡಲೇ ಟ್ಯಾಂಕರಿನಲ್ಲಿ ನೀರು ತುಂಬುವ ಸುದ್ದಿ ಓದುವಾಗಲೆಲ್ಲ ನನಗೆ ಆ ರೋನ್ ಜಿಂಕೆ ನೆನಪಾಗುತ್ತದೆ.

ಇನ್ನು ಆನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೇಲಿಯೊಳಗಿನ ಕಾಡಿನಲ್ಲಿ ಆನೆ ಹೆಚ್ಚಾದರೆ ಮರ ಉಳಿಯುವುದಿಲ್ಲ ಎಂಬ ಚಿಂತೆಯಿಂದ ಕ್ರೂಗರ್ ಆಡಳಿತ ಸುಮಾರು 7,000 ಆನೆಗಳ ಮಿತಿ ಇಟ್ಟುಕೊಂಡಿತು. 1967ರಿಂದ 1994ರವರೆಗೆ ಪ್ರತಿವರ್ಷ ಹೆಲಿಕಾಪ್ಟರ್‌ನಲ್ಲಿ ಹೋಗಿ ಇಡೀ ಇಡೀ ಹಿಂಡುಗಳನ್ನು ಕೊಂದರು. ಒಟ್ಟು 14,000ಕ್ಕೂ ಹೆಚ್ಚು ಆನೆಗಳು. ದೊಡ್ಡ ಆನೆಗಳನ್ನು ಲಾರಿಯಲ್ಲಿ ಸಾಗಿಸುವ ವಿದ್ಯೆ ಆಗ ಇರಲಿಲ್ಲ. ಎಳೆಯ ಮರಿಗಳನ್ನು ಮಾತ್ರ ಹಿಡಿದು ಹೊಸ ಮೀಸಲು ಕಾಡುಗಳಿಗೆ ಕಳಿಸುತ್ತಿದ್ದರು. ಹಾಗೆ ಕಳಿಸಿದ ಜಾಗಗಳಲ್ಲಿ ಪಿಲಾನೆಸ್‌ಬರ್ಗ್ ಒಂದು. ಜೊಹಾನೆಸ್‌ಬರ್ಗ್‌ನ ವಾಯವ್ಯಕ್ಕೆ, ಸತ್ತ ಜ್ವಾಲಾಮುಖಿಯ ಬೆಟ್ಟಗಳ ನಡುವೆ 1979ರಲ್ಲಿ ಘೋಷಣೆಯಾದ ಗೇಮ್ ರಿಸರ್ವ್. ಕಾಡು ಪ್ರಾಣಿಗಳೇ ಇಲ್ಲದ ನೆಲಕ್ಕೆ ಬೇರೆಡೆಯಿಂದ ಸುಮಾರು 6,000 ಪ್ರಾಣಿಗಳನ್ನು ತಂದು ತುಂಬಿದರು. ಕ್ರೂಗರ್‌ನ ತಬ್ಬಲಿ ಮರಿಯಾನೆಗಳೂ ಅಲ್ಲಿಗೆ ಬಂದವು.

ಮರಿಗಳು ಬೆಳೆದವು. 1992ರಿಂದ ಪಿಲಾನೆಸ್‌ಬರ್ಗ್‌ನಲ್ಲಿ ಬಿಳಿ ಖಡ್ಗಮೃಗಗಳ ಹೆಣ ಸಿಗತೊಡಗಿದವು. ಕೊಂಬು ಹಾಗೇ ಇದೆ, ಗುಂಡಿನ ಗಾಯವಿಲ್ಲ. ಬೆನ್ನು, ಭುಜದಲ್ಲಿ ಆಳವಾದ ತೂತು. ದಂತದ ತಿವಿತ. 1997ರ ಹೊತ್ತಿಗೆ ಸತ್ತ ಖಡ್ಗಮೃಗಗಳ ಲೆಕ್ಕ 40 ದಾಟಿತು. ಕೊಂದದ್ದು ಹರೆಯದ ಸಲಗಗಳು. ಮದ ಏರುವುದು ಏನೆಂದು ಮೈಸೂರಿನವರಿಗೆ ವಿವರಿಸಬೇಕಿಲ್ಲ. ಆಫ್ರಿಕದ ಸಲಗಕ್ಕೆ ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ, ಮೊದಮೊದಲು ಕೆಲವೇ ದಿನಗಳ ಮಟ್ಟಿಗೆ ಮದ ಬರುತ್ತದೆ. ಪಿಲಾನೆಸ್‌ಬರ್ಗ್‌ನಲ್ಲಿ ಹದಿನೆಂಟರ ಹುಡುಗರಿಗೆ ಮದ ಬಂದು ತಿಂಗಳುಗಟ್ಟಲೆ ಇಳಿಯುತ್ತಿರಲಿಲ್ಲ.

ಹಿರಿಯ ಸಲಗ ಇರುವ ಕಡೆ ಹೀಗಾಗುವುದಿಲ್ಲ. ಮದದಲ್ಲಿರುವ ಕಿರಿಯನ ಎದುರಿಗೆ ತನಗಿಂತ ದೊಡ್ಡ, ಮದದಲ್ಲಿರುವ ಆನೆ ಬಂದು ನಿಂತರೆ ಕಿರಿಯನ ಮದ ಬೇಗ ಇಳಿಯುತ್ತದೆ. ಪಿಲಾನೆಸ್‌ಬರ್ಗ್‌ನ ಹುಡುಗರ ಬದುಕಿನಲ್ಲಿ ಅಂಥ ಹಿರಿಯರೇ ಇರಲಿಲ್ಲ. ಅವರ ಹಿಂಡುಗಳ ದೊಡ್ಡವರನ್ನು ಕ್ರೂಗರ್‌ನಲ್ಲಿ ಗುಂಡಿಟ್ಟು ಮುಗಿಸಿ, ಮರಿಗಳನ್ನಷ್ಟೇ ಇಲ್ಲಿಗೆ ತರಲಾಗಿತ್ತು. ಅಷ್ಟು ಹೊತ್ತಿಗೆ ದೊಡ್ಡ ಆನೆ ಸಾಗಿಸುವ ಲಾರಿಗಳು ಬಂದಿದ್ದವು. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಖಡ್ಗಮೃಗಗಳ ಸಾವು ನಿಂತಿತು.

ಗಂಡಾನೆಗಳ ಸಮಸ್ಯೆ ಹೀಗೆ ತೀರಿತು, ಹೆಣ್ಣಾನೆಗಳ ನಷ್ಟ ತೀರಲಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀನ್ಯಾದ ಅಂಬೊಸೆಲಿಯ ಹಿಂಡುಗಳಿಗೂ ಪಿಲಾನೆಸ್‌ಬರ್ಗ್‌ನ ಹಿಂಡುಗಳಿಗೂ ಬೇರೆ ಆನೆಗಳ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಅಂಬೊಸೆಲಿಯಲ್ಲಿ ಪರಿಚಯದ ದನಿಗೆ ಸುಮ್ಮನಿದ್ದು, ಅಪರಿಚಿತ ದನಿ ಕೇಳಿದಾಗ ಮರಿಗಳನ್ನು ನಡುವೆ ಹಾಕಿಕೊಂಡು ಒತ್ತಾಗಿ ನಿಂತವು. ಪಿಲಾನೆಸ್‌ಬರ್ಗ್‌ನ ಹಿಂಡುಗಳ ವರ್ತನೆಯಲ್ಲಿ ಅಂಥ ಯಾವ ವ್ಯತ್ಯಾಸವೂ ಕಾಣಲಿಲ್ಲ. ಯಾರು ನಮ್ಮವರು, ಯಾರಿಗೆ ಹುಷಾರಾಗಿರಬೇಕು ಎಂಬ ತಿಳಿವಳಿಕೆ ಅಜ್ಜಿ ಆನೆಗಳಿಂದ ಬರುವಂಥದ್ದು. ಕೊಲ್ಲುವಿಕೆ ಮುಗಿದು ಎರಡು ದಶಕವಾದರೂ ಆ ಖಾಲಿ ಜಾಗ ತುಂಬಿರಲಿಲ್ಲ. ನನಗೆ ಆಫ್ರಿಕ ಕಲಿಸಿದ ಅತ್ಯಂತ ಭಾರವಾದ ಸಂಗತಿ ಇದು. ಪ್ರಾಣಿಗಳ ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಖಡ್ಗಮೃಗದ ಕಥೆ ನಿಮಗೆ ಪತ್ರಿಕೆಗಳಿಂದ ಗೊತ್ತಿದೆ, ಬೇಗ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ದಕ್ಷಿಣದ ಬಿಳಿ ಖಡ್ಗಮೃಗಗಳು ಜುಲುಲ್ಯಾಂಡಿನ ಇಮ್‌ಫೊಲೋಜಿ ಕಣಿವೆಯಲ್ಲಿ ನೂರಕ್ಕಿಂತ ಕಡಿಮೆ ಉಳಿದಿದ್ದವು. ಕ್ರೂಗರ್‌ನಲ್ಲಿ ಒಂದೂ ಇರಲಿಲ್ಲ. 1961ರಿಂದ ಇಮ್‌ಫೊಲೋಜಿಯ ಸಂತತಿಯನ್ನು ಲಾರಿಯಲ್ಲಿ ತಂದು ಬಿಟ್ಟದ್ದು ಬೆಳೆದು, 2010ರ ಸುಮಾರಿಗೆ ಕ್ರೂಗರ್‌ನಲ್ಲಿ ಹತ್ತು ಸಾವಿರದಷ್ಟಾದವು. ಮುಂದಿನ ಹತ್ತು ವರ್ಷಗಳಲ್ಲಿ ಮೂರು ಸಾವಿರಕ್ಕೂ ಕೆಳಗಿಳಿದವು. ದಕ್ಷಿಣ ಆಫ್ರಿಕ ಪೂರ್ತಿ ತೆಗೆದುಕೊಂಡರೆ 2007ರಲ್ಲಿ ಕಳ್ಳಬೇಟೆಗೆ ಬಲಿಯಾದವು 13, 2014ರಲ್ಲಿ 1,215, 2024ರಲ್ಲಿ 420.

ಹಾಗಾಗಿ ಕೊಂಬು ಕತ್ತರಿಸುವುದು ಈಗ ಅಲ್ಲಿನ ನಿತ್ಯದ ಕೆಲಸವಾಗಿದೆ. ಬೆಳಗಿನ ತಂಪಿನಲ್ಲಿ ಹೆಲಿಕಾಪ್ಟರ್‌ನಿಂದ ವೈದ್ಯರು ಅರಿವಳಿಕೆ ಚುಚ್ಚುತ್ತಾರೆ. ಪ್ರಾಣಿ ತೂರಾಡಿ ಕುಸಿಯುವ ಹೊತ್ತಿಗೆ ನಾವು ಓಡಿ ತಲುಪಬೇಕು. ಕಣ್ಣಿಗೆ ಬಟ್ಟೆ, ಕಿವಿಗೆ ಕಾಲುಚೀಲ ತುರುಕಿ, ಮೈಮೇಲೆ ನೀರು ಸುರಿಯುತ್ತಾ ಒಬ್ಬರು ಉಸಿರು ಎಣಿಸುತ್ತಾರೆ. ಬುಡದ ಜೀವಂತ ಭಾಗ ಬಿಟ್ಟು ಮೇಲಿನದನ್ನು ಗರಗಸದ ಯಂತ್ರದಿಂದ ಕತ್ತರಿಸುತ್ತಾರೆ. ಉಗುರಿನ ಪದಾರ್ಥವೇ ಆದ್ದರಿಂದ ನೋವಿಲ್ಲ, ಮತ್ತೆ ಬೆಳೆಯುತ್ತದೆ, ಒಂದೂವರೆ ಎರಡು ವರ್ಷಕ್ಕೆ ಮತ್ತೆ ಕತ್ತರಿಸಬೇಕು. ಆ ಹೊತ್ತಿನಲ್ಲಿ ಅದರ ಪಕ್ಕೆಗೆ ಕೈಯಿಟ್ಟರೆ ಕುಲುಮೆಯ ಬಿಸಿ. ಮರುಮದ್ದು ಕೊಟ್ಟ ಎರಡೇ ನಿಮಿಷಕ್ಕೆ ಅದು ಎದ್ದು, ತನಗೇನಾಯಿತೆಂದು ಅರಿಯದೆ ಪೊದೆಯೊಳಗೆ ಓಡುತ್ತದೆ. ನೋಡಲು ಸಂಕಟವೇ. ಆದರೆ ಫಲ ಇದೆ. ಕ್ರೂಗರ್ ಸುತ್ತಿನ ಮೀಸಲು ಕಾಡುಗಳಲ್ಲಿ 2017ರಿಂದ 2023ರವರೆಗೆ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಎಂಟು ಕಾಡುಗಳಲ್ಲಿ 2,284 ಖಡ್ಗಮೃಗಗಳ ಕೊಂಬು ತೆಗೆದದ್ದರಿಂದ ಕಳ್ಳಬೇಟೆ ಶೇ. 78ರಷ್ಟು ಇಳಿದಿತ್ತು. ಅದಕ್ಕೆ ಆದ ಖರ್ಚು ರಕ್ಷಣೆಯ ಒಟ್ಟು ವೆಚ್ಚದಲ್ಲಿ ಶೇ. 1.2 ಮಾತ್ರ.

ರಣಹದ್ದುಗಳ ಬಗ್ಗೆ ಒಂದು ಮಾತು, ರಾಮನಗರದ ರಾಮದೇವರ ಬೆಟ್ಟದವರು ಇಲ್ಲಿ ಕೆಲವರಿದ್ದೀರಿ. ನಮ್ಮಲ್ಲಿ ಹದ್ದುಗಳನ್ನು ಮುಗಿಸಿದ್ದು ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧ, ಗೊತ್ತಿಲ್ಲದೆ ಆದದ್ದು. ಅಲ್ಲಿ ಬೇಕೆಂದೇ ವಿಷ ಇಡುತ್ತಾರೆ. ಆಕಾಶದಲ್ಲಿ ಹದ್ದು ಸುತ್ತಿದರೆ ಹೆಣ ಎಲ್ಲಿದೆಯೆಂದು ರೇಂಜರ್‌ಗಳಿಗೆ ತಿಳಿಯುತ್ತದೆ, ಅದಕ್ಕೆ ಕಳ್ಳಬೇಟೆಗಾರರು ಹೆಣಕ್ಕೇ ವಿಷ ಹಾಕುತ್ತಾರೆ. ಹದ್ದಿನ ಅಂಗಗಳಿಗೆ ನಾಟಿ ಮದ್ದಿನ ಸಂತೆಯಲ್ಲಿ ಬೆಲೆಯೂ ಇದೆ. 2025ರ ಮೇ ತಿಂಗಳಲ್ಲಿ ಕ್ರೂಗರ್‌ನ ಒಂದೇ ಆನೆಯ ಹೆಣದ ಬಳಿ 120ಕ್ಕೂ ಹೆಚ್ಚು ರಣಹದ್ದುಗಳು ಸತ್ತವು. ಇನ್ನೂ ಉಸಿರಿದ್ದ 80ಕ್ಕೂ ಹೆಚ್ಚನ್ನು ಹೆಲಿಕಾಪ್ಟರ್‌ನಲ್ಲಿ, ಹದ್ದುಗಳಿಗೆಂದೇ ಸಿದ್ಧಪಡಿಸಿದ ಆಂಬುಲೆನ್ಸ್‌ನಲ್ಲಿ ಸಾಗಿಸಿ ಬದುಕಿಸಿದರು.

ಉರುಳು ಹಾಕುವವರು ಬೇರೆ, ಕೊಂಬಿಗೆ ಬರುವವರು ಬೇರೆ. ಉರುಳು ಹಾಕುವವನು ಬೇಲಿಯಾಚೆಯ ಊರಿನವನು, ಮಾಂಸಕ್ಕಾಗಿ. ಬೇಲಿಯ ತಂತಿಯನ್ನೇ ಕತ್ತರಿಸಿ ಇಂಪಾಲದ ಕತ್ತಿನ ಎತ್ತರಕ್ಕೆ ಕುಣಿಕೆ ಕಟ್ಟುತ್ತಾನೆ. ಸಿಕ್ಕಿಬೀಳುವುದು ಇಂಪಾಲ ಮಾತ್ರವಲ್ಲ, ಸೀಳುನಾಯಿ, ಕತ್ತೆಕಿರುಬ, ಜಿರಾಫೆ ಕೂಡ. ನಾವು ಕೈಗೆ ಕೈ ಎಟುಕದಷ್ಟು ಅಂತರದಲ್ಲಿ ಸಾಲಾಗಿ ನಿಂತು ಪೊದೆ ಪೊದೆ ಜಾಲಾಡುತ್ತಿದ್ದೆವು. ಈ ಕೆಲಸದಲ್ಲಿ ಬಲೂಲೆಯ ಬ್ಲ್ಯಾಕ್ ಮಾಂಬಾಸ್ ತಂಡಕ್ಕೆ ನನ್ನ ದೊಡ್ಡ ನಮಸ್ಕಾರ. 2013ರಲ್ಲಿ ಶುರುವಾದ, ಬಹುಪಾಲು ಹೆಣ್ಣುಮಕ್ಕಳೇ ಇರುವ ಗಸ್ತು ತಂಡ. ಕೈಯಲ್ಲಿ ಬಂದೂಕಿಲ್ಲ. ಬೇಲಿಯುದ್ದಕ್ಕೂ ನಡೆಯುತ್ತಾರೆ, ಉರುಳು ಕೀಳುತ್ತಾರೆ, ಅನುಮಾನ ಬಂದರೆ ರೇಡಿಯೋದಲ್ಲಿ ಸುದ್ದಿ ಮುಟ್ಟಿಸುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಅವರಿಗೆ ಬಂತು. ಅವರು ಅಕ್ಕಪಕ್ಕದ ಊರುಗಳ ಹೆಣ್ಣುಮಕ್ಕಳು. ಅವರ ಸಂಬಳದಲ್ಲಿ ಆ ಊರಿನ ಮನೆಗಳು ನಡೆಯುತ್ತವೆ, ಅವರ ಬಾಯಲ್ಲಿ ಶಾಲೆಯ ಮಕ್ಕಳು ಖಡ್ಗಮೃಗದ ಮಾತು ಕೇಳುತ್ತಾರೆ. ಹತ್ತು ಬಂದೂಕುಗಳಿಗಿಂತ ಇದು ಹೆಚ್ಚು ದಿನ ಬಾಳುವ ಕಾವಲು ಎಂದು ನಾನು ನಂಬುತ್ತೇನೆ.

ಇಷ್ಟು ನನ್ನ ಮಾತು. ಮುಂದೆ ಸಭಿಕರು ಕೇಳಿದ ಪ್ರಶ್ನೆಗಳು.

ಪ್ರಶ್ನೆ: ಅಲ್ಲಿನಂತೆ ನಮ್ಮಲ್ಲೂ ಕಾಡಿನ ಸುತ್ತ ಪೂರ್ತಿ ಬೇಲಿ ಹಾಕಿದರೆ ಆನೆ ಕಾಟ ತಪ್ಪುವುದಿಲ್ಲವೇ?

ಬೇಲಿಯಿಂದ ಬೆಳೆ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಕೊಡಗಿನಲ್ಲಿ, ಹುಣಸೂರಿನಲ್ಲಿ ರೈಲು ಹಳಿಯ ತಡೆಗೋಡೆ ಕೇಳುವ ರೈತರ ಮಾತು ನ್ಯಾಯವಾದದ್ದು. ಆದರೆ ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಎಲ್ಲ ಒಂದೇ ಆನೆ ಸೀಮೆ. ಆನೆ ನಡೆಯುವ ದಾರಿಗೆ ಅಡ್ಡ ಹಾಕಿದ ಬೇಲಿಗೆ ಅಲ್ಲಿ ಎಷ್ಟು ಬೆಲೆ ತೆತ್ತರೆಂದು ಹೇಳಿದೆ. ಪೂರ್ತಿ ಬೇಲಿ ಹಾಕಿದ ಸಣ್ಣ ಕಾಡಿನಲ್ಲಿ ಕೆಲಸ ಮುಗಿಯುವುದೇ ಇಲ್ಲ. ಒಳಗೇ ಸಂತಾನ ಬೆರೆಯದಂತೆ ಚೀತಾಗಳನ್ನು ಒಂದು ರಿಸರ್ವ್‌ನಿಂದ ಇನ್ನೊಂದಕ್ಕೆ ಲಾರಿ, ವಿಮಾನಗಳಲ್ಲಿ ಅದಲು ಬದಲು ಮಾಡುತ್ತಲೇ ಇರಬೇಕು. 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಮಧ್ಯಪ್ರದೇಶದ ಕೂನೋಗೆ ಬಂದ 12 ಚೀತಾಗಳು ಇಂಥದ್ದೇ ಬೇಲಿಯೊಳಗಿನ ಕಾಡುಗಳಿಂದ ಬಂದವು. ಹೊಲದ ಅಂಚಿಗೆ ಬೇಲಿ ಹಾಕಿ, ಕಾಡಿನಿಂದ ಕಾಡಿಗೆ ಹೋಗುವ ದಾರಿ ತೆರೆದಿಡಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕ್ರೂಗರ್ ಮಾಡುವಾಗ ಅಲ್ಲಿದ್ದ ಜನ ಏನಾದರು? ನಾಗರಹೊಳೆಯಿಂದ ಹೊರಗೆ ಬಂದ ಹಾಡಿಯವರ ಜೊತೆ ಕೆಲಸ ಮಾಡುತ್ತೇನೆ, ಅದಕ್ಕೆ ಕೇಳುತ್ತಿದ್ದೇನೆ.

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. 1902ರಲ್ಲಿ ಬಂದ ಮೊದಲ ವಾರ್ಡನ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ಕಾಲದಿಂದಲೇ ಜನರನ್ನು ಹೊರಗೆ ಕಳಿಸುವುದು ಶುರುವಾಯಿತು. ತೀರಾ ಈಚಿನದು ಮಕುಲೆಕೆ ಜನರದ್ದು. ಉತ್ತರ ತುದಿಯಲ್ಲಿ, ಲಿಂಪೊಪೊ ಮತ್ತು ಲುವುವು ನದಿಗಳು ಸೇರುವಲ್ಲಿ ಅವರ ಊರುಗಳಿದ್ದವು. ಮೀನು, ಬೇಸಾಯ, ಇಲಾಲಾ ತಾಳೆಯ ಹೆಂಡ, ತಿನ್ನಲು ಮೊಪಾನೆ ಹುಳು, ಇದು ಅವರ ಬದುಕು. 1969ರಲ್ಲಿ ವರ್ಣಭೇದ ಸರ್ಕಾರ ಬಂದೂಕು ತೋರಿಸಿ, ಅವರ ಗುಡಿಸಲುಗಳಿಗೆ ಅವರ ಕೈಯಿಂದಲೇ ಬೆಂಕಿ ಇಡಿಸಿ, ಸುಮಾರು 3,000 ಜನರನ್ನು ದಕ್ಷಿಣದ ಒಣ ಸೀಮೆಗೆ ಸಾಗಿಸಿತು. ಸರ್ಕಾರ ಬದಲಾದ ಮೇಲೆ ಅವರು ಭೂಮಿ ಕೇಳಿ ಅರ್ಜಿ ಹಾಕಿದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಅವರಿಗೆ ಮರಳಿ ಬಂತು.

ಅಲ್ಲಿಗೆ ಮರಳಿ ಹೋಗಿ ಮನೆ ಕಟ್ಟುವುದಿಲ್ಲ, ಉಳುಮೆ ಮಾಡುವುದಿಲ್ಲ, ಕಾಡಾಗಿಯೇ ಇಡುತ್ತೇವೆ ಎಂದು ಅವರು ಒಪ್ಪಿದರು. ಜಮೀನಿನ ಒಡೆತನ ಅವರದು, ಆಡಳಿತ ಅವರೂ ರಾಷ್ಟ್ರೀಯ ಉದ್ಯಾನಗಳ ಇಲಾಖೆಯೂ ಸೇರಿದ ಮಂಡಳಿಯದು. ಅಲ್ಲಿ ಪ್ರವಾಸಿ ವಸತಿ ನಡೆಸುವವರು ಅವರಿಗೆ ಹಣ ಕಟ್ಟುತ್ತಾರೆ, ಊರಿನ ಹುಡುಗರಿಗೆ ಕೆಲಸ ಕೊಡುತ್ತಾರೆ. ಕಾಡಿನ ಗೈಡುಗಳಿಗೆ ತರಬೇತಿ ಕೊಡುವ ಶಿಬಿರವೂ ಅಲ್ಲಿದೆ. ಹಣ ಎಲ್ಲ ಮನೆಗಳಿಗೂ ಸಮನಾಗಿ ತಲುಪುತ್ತಿದೆ ಎಂದು ನಾನು ಹೇಳಲಾರೆ; ಆ ಜಗಳ ಊರೊಳಗೆ ನಡೆದೇ ಇದೆ. ಆದರೆ ಹೊಸ ವಸತಿ ಬೇಕೋ ಬೇಡವೋ, ಎಷ್ಟು ಜನ ಬರಬೇಕು, ಯಾವ ಕಂಪನಿ ಬರಬೇಕು ಎಂಬ ಮಾತುಕತೆಗೆ ಈಗ ಮಕುಲೆಕೆ ಜನರನ್ನು ಬಿಟ್ಟು ಯಾರೂ ಕೂರುವಂತಿಲ್ಲ. ನಿಮ್ಮ ಹಾಡಿಯವರಲ್ಲಿ ಯಾರಿಗಾದರೂ ಅವರೊಂದಿಗೆ ಮಾತಾಡಬೇಕೆನಿಸಿದರೆ ನನಗೆ ತಿಳಿಸಿ, ಅಲ್ಲಿನ ಗೆಳೆಯರ ಮೂಲಕ ಮಾತುಕತೆ ಏರ್ಪಡಿಸಲು ನಾನು ಸಿದ್ಧ.